ಕೊಳದ ಬಣ್ಣದ ಮೀನಿಗೂ ವೈರಸ್ ಕಾಟ

1998ನೇ ಇಸವಿ. ಇಸ್ರೇಲ್ ದೇಶದ ಮೀನು ಸಾಕಣೆ ಕೊಳಗಳಲ್ಲಿ ಗೆಂಡೆ ಮೀನುಗಳು ಇದ್ದಕ್ಕಿದ್ದಂತೆ ಸಾಯತೊಡಗಿದವು. ನೀರು ಕೆಟ್ಟಿರಲಿಲ್ಲ, ಮೇವು ಬದಲಾಗಿರಲಿಲ್ಲ. ನಿನ್ನೆ ಚುರುಕಾಗಿ ಈಜುತ್ತಿದ್ದ ಮೀನು ಇಂದು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಏದುತ್ತಿತ್ತು. ನಾಳೆ ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು. ಮೂರು ವರ್ಷ ತುಂಬುವಷ್ಟರಲ್ಲಿ ಆ ದೇಶದ ಗೆಂಡೆ ಸಾಕಣೆ ಕೇಂದ್ರಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಈ ಕಾಯಿಲೆಗೆ ಸಿಕ್ಕಿದ್ದವು.

ಅದೇ 1998ರಲ್ಲಿ, ಸಾವಿರಾರು ಮೈಲಿ ದೂರದ ನ್ಯೂಯಾರ್ಕಿನಲ್ಲಿ ನಡೆದ ಅಲಂಕಾರಿಕ ಮೀನುಗಳ ಪ್ರದರ್ಶನವೊಂದರ ಬೆನ್ನಿಗೇ ಕೋಯ್ ಮೀನುಗಳಲ್ಲಿ ಇಂಥದೇ ಕಾಯಿಲೆ ಕಾಣಿಸಿಕೊಂಡಿತು. ಇಸ್ರೇಲಿನದು ಊಟಕ್ಕೆ ಬೆಳೆಸುವ ಮೀನು. ನ್ಯೂಯಾರ್ಕಿನದು ಶ್ರೀಮಂತರ ತೋಟದ ಕೊಳದಲ್ಲಿ ಕಣ್ಣಿಗೆ ಹಬ್ಬವಾಗುವ ಮೀನು. ಎರಡಕ್ಕೂ ಒಂದೇ ರೋಗ ಹೇಗೆ ಬಂತು? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರೊನಾಲ್ಡ್ ಹೆಡ್ರಿಕ್ ಮತ್ತು ಅವರ ಸಂಗಡಿಗರು 2000ದಲ್ಲಿ ಪ್ರಕಟಿಸಿದ ಲೇಖನ ಇದಕ್ಕೆ ಉತ್ತರ ಕೊಟ್ಟಿತು. ಎರಡೂ ಕಡೆ ಅಪರಾಧಿ ಒಂದೇ: ಹರ್ಪಿಸ್ ಗುಂಪಿಗೆ ಸೇರಿದ ಒಂದು ಹೊಸ ವೈರಸ್. ಅದಕ್ಕೆ 'ಕೋಯ್ ಹರ್ಪಿಸ್ ವೈರಸ್', ಚುಟುಕಾಗಿ ಕೆ.ಎಚ್.ವಿ. ಎಂಬ ಹೆಸರು ಬಿತ್ತು. ಹೊಸದು ಎಂದೆನಷ್ಟೆ. ಆಮೇಲೆ ಬ್ರಿಟನ್ನಿನಲ್ಲಿ 1996ರಲ್ಲಿ ಸತ್ತ ಮೀನುಗಳ ಕಾದಿಟ್ಟ ಅಂಗಾಂಶಗಳನ್ನು ಪರೀಕ್ಷಿಸಿದಾಗ ಅವುಗಳಲ್ಲೂ ಇದೇ ವೈರಸ್ಸಿನ ಗುರುತು ಸಿಕ್ಕಿತು. ಕಳ್ಳ ಸಿಕ್ಕಿಬೀಳುವ ಮೊದಲೇ ಒಂದೆರಡು ಮನೆಗೆ ನುಗ್ಗಿಯಾಗಿತ್ತು!

ಗೆಂಡೆಯ ಬಣ್ಣದ ಮಕ್ಕಳು

ಕೋಯ್ ಎಂದರೆ ಬೇರೆ ಯಾವುದೋ ಲೋಕದ ಮೀನೆಂದು ಭಾವಿಸಬೇಡಿ. ನಮ್ಮ ಕೆರೆಗಳಲ್ಲಿ ಮೀನುಗಾರಿಕೆ ಇಲಾಖೆಯವರು ಬಿಡುವ 'ಸಾಮಾನ್ಯ ಗೆಂಡೆ' ಇದೆಯಲ್ಲ, ಶಾಸ್ತ್ರೀಯವಾಗಿ ಸೈಪ್ರಿನಸ್ ಕಾರ್ಪಿಯೊ, ಅದರ ಬಣ್ಣದ ಮಕ್ಕಳೇ ಇವು. ಜಪಾನಿನ ನೀಗಾಟ ಪ್ರಾಂತದ ಬೆಟ್ಟಗಾಡಿನ ಭತ್ತದ ರೈತರು ಊಟಕ್ಕೆಂದು ಗೆಂಡೆ ಸಾಕುತ್ತಿದ್ದರು. ಹತ್ತೊಂಬತ್ತನೇ ಶತಮಾನದಲ್ಲಿ, ಮರಿಗಳ ನಡುವೆ ಆಗೊಮ್ಮೆ ಈಗೊಮ್ಮೆ ಕಾಣಿಸುತ್ತಿದ್ದ ಕೆಂಪು, ಬಿಳಿ ಮಚ್ಚೆಯವನ್ನು ಆರಿಸಿ ಬೇರೆಯಾಗಿ ಮರಿ ಮಾಡಿಸಿದರು. 1914ರಲ್ಲಿ ಟೋಕಿಯೋದ ವಸ್ತುಪ್ರದರ್ಶನಕ್ಕೆ ಈ ಮೀನುಗಳು ಹೋದ ಮೇಲೆ ಅವುಗಳ ಕೀರ್ತಿ ಹಳ್ಳಿಯ ಗಡಿ ದಾಟಿತು. ಜಪಾನಿಯರು ಇವನ್ನು ಕರೆಯುವ ಹೆಸರಿಗೆ 'ಜರಿಬಟ್ಟೆಯಂಥ ಗೆಂಡೆ' ಎಂದು ಅರ್ಥ. 2018ರಲ್ಲಿ ಹಿರೋಶಿಮಾದ ಹರಾಜಿನಲ್ಲಿ ಒಂದು ಹೆಣ್ಣು ಕೋಯ್ 20 ಕೋಟಿ 30 ಲಕ್ಷ ಯೆನ್‌ಗೆ ಮಾರಾಟವಾಯಿತು. ಒಂದು ಮೀನಿಗೆ!

ಗೋಲ್ಡ್‌ಫಿಶ್ ಇವುಗಳ ದಾಯಾದಿಯೇ ಹೊರತು ಒಡಹುಟ್ಟಿದ್ದಲ್ಲ. ಮನೆಯಲ್ಲಿ ತೊಟ್ಟಿ ಇದ್ದರೆ ಮಕ್ಕಳು ಪರೀಕ್ಷಿಸಿ ನೋಡಬಹುದು. ಕೋಯ್ ಮೀನಿನ ಬಾಯಿಯ ಪಕ್ಕದಲ್ಲಿ ಎರಡು ಜೊತೆ ಮೀಸೆಗಳಿರುತ್ತವೆ. ಗೋಲ್ಡ್‌ಫಿಶ್‌ಗೆ ಮೀಸೆ ಇಲ್ಲ. ಈ ಮೀಸೆಯ ವ್ಯತ್ಯಾಸ ಮುಂದೆ ನಮಗೆ ಉಪಯೋಗಕ್ಕೆ ಬರುತ್ತದೆ, ಮರೆಯದಿರಿ.

ಕೆ.ಎಚ್.ವಿ. ಕಾಯಿಲೆ ಬೀಳಿಸುವುದು ಸಾಮಾನ್ಯ ಗೆಂಡೆ ಮತ್ತು ಕೋಯ್‌ಗಳನ್ನು. ಅದೇ ಕೊಳದಲ್ಲಿ ಪಕ್ಕದಲ್ಲೇ ಈಜುವ ಗೋಲ್ಡ್‌ಫಿಶ್‌ಗೆ ಏನೂ ಆಗುವುದಿಲ್ಲ. ಆದರೆ ಅದು ವೈರಸ್ಸನ್ನು ಹೊತ್ತು ತಿರುಗಬಲ್ಲದು.

ಸರ್ಪಸುತ್ತಿನ ನೆಂಟ

ಹರ್ಪಿಸ್ ಎಂಬ ಹೆಸರು ನಮಗೆ ತೀರ ಅಪರಿಚಿತವಲ್ಲ. ಮಕ್ಕಳಿಗೆ ಬರುವ ಸೀತಾಳೆ ಸಿಡುಬು ಹರ್ಪಿಸ್ ಗುಂಪಿನ ವೈರಸ್ಸಿನಿಂದಲೇ. ಸಿಡುಬು ವಾಸಿಯಾದರೂ ವೈರಸ್ ಹೋಗುವುದಿಲ್ಲ. ನರಗಳ ಗಂಟಿನಲ್ಲಿ ಅಡಗಿ ಕುಳಿತು, ಐವತ್ತು ಅರವತ್ತರ ವಯಸ್ಸಿನಲ್ಲಿ ಮೈಯ ಶಕ್ತಿ ತಗ್ಗಿದಾಗ ಸರ್ಪಸುತ್ತಾಗಿ ಹೊರಬರುತ್ತದೆ. 'ಒಮ್ಮೆ ಹೊಕ್ಕರೆ ಜೀವನಪೂರ್ತಿ' ಎಂಬುದು ಈ ಇಡೀ ಕುಲದ ಗುಣ. ಮೀನಿನ ವೈರಸ್ಸು ಮನುಷ್ಯರ ವೈರಸ್ಸಿಗೆ ಬಹಳ ದೂರದ ಸಂಬಂಧಿ. ಅದನ್ನು ಬೇರೆಯೇ ಕುಟುಂಬವಾಗಿ ವಿಂಗಡಿಸಿದ್ದಾರೆ. ಕುಲದ ಗುಣ ಮಾತ್ರ ಬಿಟ್ಟಿಲ್ಲ.

"ಸಾರ್, ಹಾಗಾದರೆ ಮೀನಿನಿಂದ ನಮಗೂ ಬರುತ್ತಾ?" ಎಂದು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದ್ದಳು. ಒಳ್ಳೆಯ ಪ್ರಶ್ನೆ. ಇಲ್ಲ, ಬರುವುದಿಲ್ಲ. ಈ ವೈರಸ್ಸಿಗೆ ನಮ್ಮ ಮೈಯ ಬಿಸಿಯೇ ಆಗದು. ತೊಟ್ಟಿ ತೊಳೆದರೂ, ಮೀನು ಮುಟ್ಟಿದರೂ ಇದರಿಂದ ಮನುಷ್ಯರಿಗೆ ಅಪಾಯವಿಲ್ಲ.

2007ರಲ್ಲಿ ಜಪಾನ್ ಮತ್ತು ಇತರ ದೇಶಗಳ ವಿಜ್ಞಾನಿಗಳು ಈ ವೈರಸ್ಸಿನ ಪೂರ್ಣ ಡಿ.ಎನ್.ಎ.ಯನ್ನು ಓದಿ ಮುಗಿಸಿದರು. ಅದರ ಉದ್ದ ಸುಮಾರು 2 ಲಕ್ಷ 95 ಸಾವಿರ ಅಕ್ಷರಜೋಡಿಗಳು. ತುಟಿಯ ಮೇಲೆ ಗುಳ್ಳೆ ಏಳಿಸುವ ಮನುಷ್ಯರ ಹರ್ಪಿಸ್ ವೈರಸ್ಸಿನದು ಸುಮಾರು ಒಂದೂವರೆ ಲಕ್ಷ ಮಾತ್ರ. ಇಷ್ಟು ದೊಡ್ಡ ಪುಸ್ತಕ ಹೊತ್ತ ವೈರಸ್ಸು ಅದರಲ್ಲಿ ಏನೇನು ಉಪಾಯಗಳನ್ನು ಬರೆದಿಟ್ಟುಕೊಂಡಿದೆ ಎಂಬುದನ್ನು ಸ್ವಲ್ಪ ಮುಂದೆ ನೋಡೋಣ.

ಮೊದಲು ರೋಗದ ಲಕ್ಷಣ. ವೈರಸ್ ಮೀನಿನ ಮೈ ಸೇರುವುದು ಮುಖ್ಯವಾಗಿ ಚರ್ಮದ ಮೂಲಕ ಎಂದು 2009ರಲ್ಲಿ ಬೆಲ್ಜಿಯಂ ದೇಶದ ಸಂಶೋಧಕರು ತೋರಿಸಿದರು. ಅಲ್ಲಿಯವರೆಗೆ ಕಿವಿರೇ ಹೆಬ್ಬಾಗಿಲು ಎಂಬ ನಂಬಿಕೆಯಿತ್ತು. ಒಳಹೊಕ್ಕ ವೈರಸ್ ಮೂತ್ರಪಿಂಡ, ಕಿವಿರು, ಕರುಳುಗಳನ್ನು ಹಿಡಿಯುತ್ತದೆ. ಒಂದರಿಂದ ಮೂರು ವಾರದೊಳಗೆ ಮೀನು ಮೇವು ಬಿಡುತ್ತದೆ, ಗುಂಪಿನಿಂದ ಬೇರೆಯಾಗಿ ನಿಲ್ಲುತ್ತದೆ. ಮೈಮೇಲೆ ಮೊದಲು ಲೋಳೆ ಹೆಚ್ಚುತ್ತದೆ. ಆಮೇಲೆ ಲೋಳೆ ಹೋಗಿ ಚರ್ಮ ಮರಳುಕಾಗದದಂತೆ ಒರಟಾಗುತ್ತದೆ. ಕಣ್ಣುಗಳು ಗುಳಿ ಬೀಳುತ್ತವೆ. ಕಿವಿರಿನ ಮುಚ್ಚಳ ಎತ್ತಿ ನೋಡಿದರೆ ಕಡುಗೆಂಪಾಗಿರಬೇಕಾದ ಕಿವಿರಿನಲ್ಲಿ ಕೊಳೆತ ಬಿಳಿ ತೇಪೆಗಳು. ಕಿವಿರು ಮೀನಿನ ಶ್ವಾಸಕೋಶ. ಅದೇ ಕೊಳೆತರೆ ತುಂಬಿದ ಕೊಳದಲ್ಲೂ ಮೀನಿಗೆ ಉಸಿರಿಲ್ಲ. ಲಕ್ಷಣ ಕಂಡ ಒಂದೆರಡು ದಿನಗಳಲ್ಲೇ ಸಾವು ಆರಂಭವಾಗುತ್ತದೆ. ಕೆಲವು ಕೊಳಗಳಲ್ಲಿ ನೂರಕ್ಕೆ 80ರಿಂದ 100ರಷ್ಟು ಮೀನುಗಳು ಸತ್ತದ್ದುಂಟು.

ಬಿಸಿಲು ಹುಡುಕುವ ಮೀನು

ಈ ರೋಗದ ಗುಟ್ಟು ಇರುವುದು ಉಷ್ಣಮಾಪಕದಲ್ಲಿ. ನೀರಿನ ಉಷ್ಣತೆ ಸುಮಾರು 18ರಿಂದ 28 ಡಿಗ್ರಿ ಸೆಂಟಿಗ್ರೇಡಿನ ನಡುವೆ ಇದ್ದರೆ ಮಾತ್ರ ವೈರಸ್ ಚೆನ್ನಾಗಿ ಬೆಳೆಯುತ್ತದೆ. ತೀರ ತಣ್ಣಗಿದ್ದರೆ ಸುಮ್ಮನಿರುತ್ತದೆ. 30 ದಾಟಿದರೆ ಸೋಲುತ್ತದೆ. ಆದ್ದರಿಂದಲೇ ಶೀತ ದೇಶಗಳಲ್ಲಿ ಈ ಪಿಡುಗು ಹೆಚ್ಚಾಗಿ ಬೇಸಿಗೆಯಲ್ಲಿ ಬರುತ್ತದೆ.

ಇಲ್ಲೊಂದು ಸೊಗಸಾದ ಪ್ರಯೋಗವನ್ನು ಹೇಳಲೇಬೇಕು. ನಮಗೆ ಸೋಂಕು ತಗುಲಿದರೆ ಜ್ವರ ಬರುತ್ತದೆ. ಜ್ವರವೆಂದರೆ ದೇಹವೇ ತನ್ನ ಒಲೆಯ ಉರಿಯನ್ನು ಏರಿಸಿಕೊಳ್ಳುವುದು. ಮೀನು ಶೀತರಕ್ತದ ಪ್ರಾಣಿ. ಸುತ್ತಲಿನ ನೀರು ಎಷ್ಟು ಬಿಸಿಯೋ ಅದರ ಮೈಯೂ ಅಷ್ಟೇ ಬಿಸಿ. ಹಾಗಾದರೆ ಮೀನಿಗೆ ಜ್ವರ ಬರುವುದು ಹೇಗೆ? ಬೆಲ್ಜಿಯಂನ ಲೀಯೆಜ್ ವಿಶ್ವವಿದ್ಯಾಲಯದ ತಂಡ ಮೂರು ಕೋಣೆಗಳ ತೊಟ್ಟಿಯೊಂದನ್ನು ಕಟ್ಟಿಸಿತು. ಒಂದರಲ್ಲಿ 24 ಡಿಗ್ರಿ ನೀರು, ಇನ್ನೊಂದರಲ್ಲಿ 28, ಮತ್ತೊಂದರಲ್ಲಿ 32. ಕೋಣೆಗಳ ನಡುವೆ ಮೀನು ಓಡಾಡಲು ದಾರಿ. ಆರೋಗ್ಯದ ಗೆಂಡೆಗಳು ಹೆಚ್ಚಾಗಿ ತಣ್ಣನೆಯ ಕೋಣೆಯನ್ನೇ ಇಷ್ಟಪಟ್ಟವು. ವೈರಸ್ ತಗುಲಿದ ಗೆಂಡೆಗಳು ಕೆಲವು ದಿನಗಳಾದ ಮೇಲೆ ತಾವಾಗಿಯೇ ಹೊರಟು 32 ಡಿಗ್ರಿಯ ಕೋಣೆಯಲ್ಲಿ ಬೀಡುಬಿಟ್ಟವು! ಹಾಗೆ ಹೋದವು ರೋಗವನ್ನು ಗೆದ್ದವು. ದಾರಿ ಮುಚ್ಚಿ 24 ಡಿಗ್ರಿಯಲ್ಲೇ ಕೂಡಿಟ್ಟವು ಸತ್ತವು. ಮೀನು ತನ್ನ ಜ್ವರವನ್ನು ತಾನೇ ಹುಡುಕಿಕೊಂಡು ಹೋಗುತ್ತದೆ ಎಂದಾಯಿತು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಮೀನು ಯಾಕೆ ಮೊದಲ ದಿನವೇ ಹೊರಡದೆ ಅಷ್ಟು ತಡ ಮಾಡಿತು? ಸೋಂಕು ತಗುಲಿದ ದೇಹ ಟಿ.ಎನ್.ಎಫ್. ಆಲ್ಫಾ ಎಂಬ ಪ್ರೊಟೀನನ್ನು ಸುರಿಸುತ್ತದೆ. ಅದು 'ಶತ್ರು ಬಂದಿದ್ದಾನೆ, ಬಿಸಿ ಬೇಕು' ಎಂದು ಮಿದುಳಿಗೆ ಹೋಗುವ ಓಲೆ. ನಮ್ಮ ವೈರಸ್ಸಿನ ಆ ದೊಡ್ಡ ಪುಸ್ತಕದ ಒಂದು ಪುಟದಲ್ಲಿ ಈ ಓಲೆಯನ್ನು ದಾರಿಯಲ್ಲೇ ಕಸಿದುಕೊಳ್ಳುವ ಪ್ರೊಟೀನಿನ ಸೂತ್ರ ಇದೆ. ಓಲೆ ತಲುಪದಿದ್ದರೆ ಮೀನು ತಣ್ಣನೆಯ ನೀರಿನಲ್ಲೇ ಉಳಿಯುತ್ತದೆ, ಅಷ್ಟರಲ್ಲಿ ವೈರಸ್ ತನ್ನ ಸಂತತಿಯನ್ನು ಹೆಚ್ಚಿಸಿಕೊಳ್ಳುತ್ತದೆ. ಸಂಶೋಧಕರು ಆ ಒಂದು ಜೀನನ್ನು ಕಿತ್ತುಹಾಕಿದ ವೈರಸ್ಸನ್ನು ತಯಾರಿಸಿ ಸೋಂಕು ಕೊಟ್ಟಾಗ ಮೀನುಗಳು ಬೇಗನೇ ಬಿಸಿ ನೀರಿಗೆ ಹೋದವು. 2017ರಲ್ಲಿ ಇದು ಪ್ರಕಟವಾಯಿತು. ಒಂದು ವೈರಸ್ಸು ಪ್ರಾಣಿಯ ನಡವಳಿಕೆಯನ್ನೇ ತನಗೆ ಬೇಕಾದಂತೆ ತಿರುಗಿಸುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನ್ನ ಓದಿಗೆ ಸಿಕ್ಕಿಲ್ಲ.

ಹಾಗಾದರೆ ತೊಟ್ಟಿಗೆ ಹೀಟರ್ ಹಾಕಿ 30 ಡಿಗ್ರಿಗೆ ಏರಿಸಿದರೆ ಆಯಿತಲ್ಲ ಎಂದು ಜಾಣ ವಿದ್ಯಾರ್ಥಿಗಳು ಕೇಳುತ್ತಾರೆ. ಮೀನು ಬದುಕಬಹುದು, ನಿಜ. ತೊಡಕು ಇರುವುದು ಅಲ್ಲೇ. ಸರ್ಪಸುತ್ತನ್ನು ನೆನಪಿಸಿಕೊಳ್ಳಿ. ವಾಸಿಯಾದ ಮೀನಿನ ಮೈಯಲ್ಲಿ ವೈರಸ್ ಬಿಳಿ ರಕ್ತಕಣಗಳೊಳಗೆ ಅಡಗಿರುತ್ತದೆ. ಮೀನು ಹೊಳೆಯುತ್ತದೆ, ತಿನ್ನುತ್ತದೆ, ಬೆಳೆಯುತ್ತದೆ. ತಿಂಗಳುಗಳ ಮೇಲೆ ನೀರು ತಣ್ಣಗಾಗಿ ಮೀನಿಗೆ ಆಯಾಸವಾದಾಗ ವೈರಸ್ ಮತ್ತೆ ಎದ್ದು ಪಕ್ಕದ ಮೀನಿಗೆ ಹಾರುತ್ತದೆ. ಇಂಥ ಮೀನನ್ನು ಇಟ್ಟುಕೊಂಡವರು ಅದನ್ನು ಮಾರಬಾರದು, ಗೆಳೆಯರಿಗೆ ಕೊಡಬಾರದು, ಹೊಸ ಮೀನನ್ನು ಅದರ ಜೊತೆ ಬಿಡಬಾರದು. ಬ್ರಿಟನ್ ಮೊದಲಾದ ಕೆಲವು ದೇಶಗಳಲ್ಲಿ ಈ ರೋಗದ ಶಂಕೆ ಬಂದ ಕೂಡಲೇ ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ. ಅನೇಕ ಕಡೆ ಕೊಳದ ಎಲ್ಲ ಮೀನುಗಳನ್ನೂ ಕೊಂದು, ಕೊಳವನ್ನು ಒಣಗಿಸಿ, ಕ್ಲೋರಿನ್ ಹಾಕಿ ತೊಳೆಯುವುದೇ ಪದ್ಧತಿ. ಹೆಸರಿಟ್ಟು ಸಾಕಿದ ಮೀನನ್ನು ಹಾಗೆ ಮಾಡಲು ಯಾರಿಗೆ ಮನಸ್ಸು ಬಂದೀತು? ಆದರೂ ಹತ್ತು ಮೀನುಗಳ ಮೇಲಿನ ಮಮತೆಯಿಂದ ಹತ್ತು ಊರಿನ ಕೊಳಗಳಿಗೆ ರೋಗ ಹಂಚುವುದು ನ್ಯಾಯವೆಂದು ನನಗನ್ನಿಸುವುದಿಲ್ಲ.

ಲಸಿಕೆ ಇದೆಯೇ? ಇಸ್ರೇಲಿನಲ್ಲಿ ವೈರಸ್ಸನ್ನು ದುರ್ಬಲಗೊಳಿಸಿ ಮಾಡಿದ ಲಸಿಕೆ ಬಳಕೆಗೆ ಬಂತು. ಅಮೆರಿಕದಲ್ಲಿ 2012ರಲ್ಲಿ ಒಂದು ಲಸಿಕೆಗೆ ಪರವಾನಗಿ ಸಿಕ್ಕಿತಾದರೂ ಅದು ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ರೋಗ ಬಂದ ಮೇಲೆ ಗುಣಪಡಿಸುವ ಔಷಧಿ ಇಲ್ಲ.

ಮೀನಿನ ಚೀಲದಲ್ಲಿ ಪ್ರವಾಸ

ವೈರಸ್ಸಿಗೆ ಕಾಲಿಲ್ಲ. ಅದು ನೀರಿನಲ್ಲಿ ಮೀನಿಲ್ಲದೆ ಕೆಲವು ಗಂಟೆ ಮಾತ್ರ ಸೋಂಕುವ ಶಕ್ತಿ ಉಳಿಸಿಕೊಳ್ಳುತ್ತದೆ. ಆದರೂ ಕೆಲವೇ ವರ್ಷಗಳಲ್ಲಿ ಜಗತ್ತು ಸುತ್ತಿತು. ಸುತ್ತಿಸಿದವರು ನಾವು, ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ. 2002ರಲ್ಲಿ ಇಂಡೋನೇಷ್ಯಾದ ಪೂರ್ವ ಜಾವಾಕ್ಕೆ ಹೊರದೇಶದಿಂದ ತರಿಸಿದ ಕೋಯ್‌ಗಳ ಜೊತೆ ಬಂದಿಳಿಯಿತು. ಆಮೇಲೆ ಪಶ್ಚಿಮ ಜಾವಾದ ಜಲಾಶಯಗಳಲ್ಲಿ ಪಂಜರ ಹಾಕಿ ಊಟದ ಗೆಂಡೆ ಸಾಕುತ್ತಿದ್ದ ಬಡ ಕುಟುಂಬಗಳ ಬುತ್ತಿಗೇ ಕೈಹಾಕಿತು. ಅಲಂಕಾರದ ಮೀನಿನ ರೋಗ ಅಲಂಕಾರದ ಕೊಳದಲ್ಲೇ ನಿಲ್ಲುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

2003ರ ಅಕ್ಟೋಬರಿನಲ್ಲಿ ಕೋಯ್‌ಗಳ ತವರಾದ ಜಪಾನಿನಲ್ಲೇ, ಕಾಸುಮಿಗೌರ ಸರೋವರದ ಸಾಕಣೆ ಪಂಜರಗಳಲ್ಲಿ ಸಾವಿರ ಟನ್ನಿಗೂ ಹೆಚ್ಚು ಗೆಂಡೆ ಸತ್ತಿತು. 2004ರಲ್ಲಿ ಅಲ್ಲಿನ ಅತಿ ದೊಡ್ಡ ಸರೋವರ ಬಿವಾದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕಾಡು ಗೆಂಡೆಗಳು. 2007ರಲ್ಲಿ ಕೆನಡಾದ ಒಂಟಾರಿಯೊ ಸರೋವರಗಳು. 2018ರ ಚಳಿಗಾಲದ ಹೊಸ್ತಿಲಲ್ಲಿ ಇರಾಕಿನ ಯೂಫ್ರೆಟಿಸ್ ನದಿಯ ಮೇಲೆ ಬಿಳಿ ಹೊಟ್ಟೆಯ ಸತ್ತ ಗೆಂಡೆಗಳು ಚಾಪೆ ಹಾಸಿದಂತೆ ತೇಲಿದವು. ಗೆಂಡೆಯನ್ನು ಸೀಳಿ ಕೆಂಡದ ಬದಿಯಲ್ಲಿ ಸುಡುವ 'ಮಸ್ಗೂಫ್' ಇರಾಕಿಗಳಿಗೆ ನಮಗೆ ಮುದ್ದೆ ಇದ್ದ ಹಾಗೆ. ನದಿಗೆ ಯಾರೋ ವಿಷ ಹಾಕಿದ್ದಾರೆಂದು ಗುಲ್ಲೆದ್ದಿತು. ಪ್ರಯೋಗಾಲಯ ಹೆಸರಿಸಿದ ಆರೋಪಿ ಕೆ.ಎಚ್.ವಿ. ನೀರಿನಿಂದ ಜನರಿಗೆ ಅಪಾಯವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಬೇಕಾಯಿತು.

ಇಷ್ಟೆಲ್ಲ ಓದಿದ ಮೇಲೆ ಆಸ್ಟ್ರೇಲಿಯದ ಸುದ್ದಿ ವಿಚಿತ್ರವೆನಿಸಬಹುದು. ಹೊರಗಿನಿಂದ ತಂದು ಬಿಟ್ಟ ಗೆಂಡೆ ಅಲ್ಲಿ ಕಳೆಯಂತೆ ಹಬ್ಬಿ, ಮರ್ರೆ-ಡಾರ್ಲಿಂಗ್ ನದಿಗಳ ಕೆಲವೆಡೆ ಮೀನುಗಳ ಒಟ್ಟು ತೂಕದ ಬಹುಪಾಲು ಅದರದೇ ಆಗಿದೆ. ಅದನ್ನು ತೊಲಗಿಸಲು ಇದೇ ವೈರಸ್ಸನ್ನು ಬೇಕೆಂದೇ ಬಿಡಬಹುದೇ ಎಂದು 2016ರಲ್ಲಿ ಸರ್ಕಾರ ಹಣ ಮೀಸಲಿಟ್ಟು ಅಧ್ಯಯನ ಆರಂಭಿಸಿತು. ಸತ್ತ ಮೀನು ಲಕ್ಷಗಟ್ಟಲೆ ಟನ್ ಕೊಳೆತರೆ ನದಿಯಲ್ಲಿ ಆಮ್ಲಜನಕ ಉಳಿಯುವುದೇ, ಉಳಿದ ಮೀನುಗಳ ಗತಿ ಏನು ಎಂಬ ಪ್ರಶ್ನೆಗಳೆದ್ದವು. 2022ರಲ್ಲಿ ವರದಿ ಹೊರಬಂತು. ವೈರಸ್ ಬಿಡುವ ಮೊದಲು ಇನ್ನಷ್ಟು ಸಂಶೋಧನೆ ಬೇಕೆಂದಿತು. ಒಬ್ಬರ ಪಿಡುಗು ಮತ್ತೊಬ್ಬರ ಔಷಧಿ!

ನಮ್ಮ ತೊಟ್ಟಿ, ನಮ್ಮ ಕೆರೆ

ನಮ್ಮ ದೇಶಕ್ಕೆ ಸಾಮಾನ್ಯ ಗೆಂಡೆ ಬಂದದ್ದು ಎರಡು ಕಂತುಗಳಲ್ಲಿ. 1939ರಲ್ಲಿ ಸಿಂಹಳದಿಂದ ಊಟಿಗೆ, 1957ರಲ್ಲಿ ಬ್ಯಾಂಕಾಕಿನಿಂದ ಕಟಕ್‌ಗೆ. ಇಂದು ಕರ್ನಾಟಕದ ಕೆರೆಗಳಲ್ಲಿ ಕಾಟ್ಲಾ, ರೋಹು, ಮೃಗಾಲ್‌ಗಳ ಜೊತೆ ಅದೂ ಒಂದು ಮುಖ್ಯ ಬೆಳೆ. ಬೆಂಗಳೂರು, ಮೈಸೂರುಗಳಂಥ ಊರುಗಳಲ್ಲಿ ಕೊಳದ ನೀರಿನ ಉಷ್ಣತೆ ವರ್ಷದ ಬಹು ದಿನ 30ಕ್ಕಿಂತ ಕೆಳಗೇ ಇರುತ್ತದೆ. ಅಂದರೆ ಈ ವೈರಸ್ಸಿಗೆ ಹಿಡಿಸುವ ಹವೆ.

ಅಲಂಕಾರಿಕ ಮೀನುಗಳ ವೈರಸ್ ರೋಗ ನಮ್ಮಲ್ಲಿ ಬರಿಯ ಊಹೆಯಾಗಿ ಉಳಿದಿಲ್ಲ. ಗೋಲ್ಡ್‌ಫಿಶ್‌ಗಳ ಮೂತ್ರಪಿಂಡ ಮತ್ತು ಗುಲ್ಮವನ್ನು ಕೆಡಿಸುವ, ಕೆ.ಎಚ್.ವಿ.ಯ ತಮ್ಮನಂಥ ಇನ್ನೊಂದು ಹರ್ಪಿಸ್ ವೈರಸ್ಸು ಮೊದಲು 1992ರಲ್ಲಿ ಜಪಾನಿನಲ್ಲಿ ಕಾಣಿಸಿಕೊಂಡಿತ್ತು. ಭಾರತದ ಗೋಲ್ಡ್‌ಫಿಶ್ ಸಾಕಣೆಯಲ್ಲಿ ಅದು ಸಿಕ್ಕಿದ ವರದಿ 2016ರಲ್ಲಿ ಪ್ರಕಟವಾಯಿತು. ಅದೇ ವರ್ಷ ಇಲ್ಲಿನ ಕೋಯ್‌ಗಳಲ್ಲಿ 'ಕಾರ್ಪ್ ಎಡೀಮಾ ವೈರಸ್' ಪತ್ತೆಯಾದ ವರದಿಯೂ ಬಂತು. ಇದು ಸಿಡುಬಿನ ಗುಂಪಿನ ವೈರಸ್ಸು. ಇದು ತಗುಲಿದ ಕೋಯ್ ತೊಟ್ಟಿಯ ತಳದಲ್ಲಿ ಒಂದು ಮಗ್ಗುಲಾಗಿ ಮಲಗಿಬಿಡುತ್ತದೆ. ಆದ್ದರಿಂದ ಇದಕ್ಕೆ 'ನಿದ್ದೆ ರೋಗ' ಎಂದೇ ಹೆಸರು. ಹೊಸದಾಗಿ ತಂದ ಮೀನು ಮಲಗಿದರೆ ಪ್ರಯಾಣದ ದಣಿವು ಎಂದುಕೊಳ್ಳುವವರೇ ಹೆಚ್ಚು. ಕೆ.ಎಚ್.ವಿ.ಗೆ ಇಲ್ಲದ ಒಂದು ಅನುಕೂಲ ಇಲ್ಲಿದೆ: ಲೀಟರ್ ನೀರಿಗೆ 5 ಗ್ರಾಂ ಲೆಕ್ಕದಲ್ಲಿ ಅಡಿಗೆ ಉಪ್ಪು ಕರಗಿಸಿದ ನೀರಿನಲ್ಲಿ ಇಟ್ಟರೆ ಮೀನುಗಳ ಸಾವು ಬಹಳ ತಗ್ಗುತ್ತದೆ.

ಮೀನು ಸತ್ತಾಗಲೆಲ್ಲ ವೈರಸ್ಸನ್ನು ದೂರಬೇಡಿ. ಮನೆಯ ತೊಟ್ಟಿಯ ಸಾವುಗಳಲ್ಲಿ ಹೆಚ್ಚಿನವು ನೀರಿನ ತಪ್ಪು. ನಲ್ಲಿ ನೀರಿನ ಕ್ಲೋರಿನ್, ಉಳಿದ ಮೇವು ಕೊಳೆತು ಹುಟ್ಟುವ ಅಮೋನಿಯ, ಚಿಕ್ಕ ತೊಟ್ಟಿಯಲ್ಲಿ ಹೆಚ್ಚು ಮೀನು. ಗುರುತಿಸುವ ಬಗೆ ಹೀಗೆ: ರಾತ್ರೋರಾತ್ರಿ ಎಲ್ಲ ಜಾತಿಯ ಮೀನುಗಳೂ ಒಟ್ಟಿಗೆ ಸತ್ತರೆ ನೀರನ್ನು ಅನುಮಾನಿಸಿ. ಮೀಸೆಯವು ಮಾತ್ರ ಒಂದೊಂದಾಗಿ ಸಾಯುತ್ತ, ಮೀಸೆಯಿಲ್ಲದ ಗೋಲ್ಡ್‌ಫಿಶ್ ಪಕ್ಕದಲ್ಲೇ ಆರಾಮವಾಗಿ ಈಜುತ್ತಿದ್ದರೆ ವೈರಸ್ಸನ್ನು ಅನುಮಾನಿಸಿ. ಅಂಗಡಿಯಲ್ಲಿ ಸಿಗುವ ನೀಲಿ, ಹಳದಿ ಹನಿಗಳು ಬೂಷ್ಟು, ಪರೋಪಜೀವಿಗಳಿಗೆ ಆದಾವು. ಆಂಟಿಬಯಾಟಿಕ್ ಬ್ಯಾಕ್ಟೀರಿಯಾಗಳಿಗೆ. ಎರಡೂ ವೈರಸ್ಸಿಗೆ ನಾಟುವುದಿಲ್ಲ.

ರೋಗ ಬಾರದಂತೆ ನೋಡಿಕೊಳ್ಳುವುದಕ್ಕೆ ದೊಡ್ಡ ಖರ್ಚಿಲ್ಲ, ತಾಳ್ಮೆ ಬೇಕು. ಹೊಸ ಮೀನನ್ನು ತಂದ ದಿನವೇ ಹಳೆಯವುಗಳ ಜೊತೆ ಬಿಡಬೇಡಿ. ಬೇರೊಂದು ಟಬ್ಬಿನಲ್ಲಿ ನಾಲ್ಕು ವಾರ ಇಡಿ. ನೀರು 23–24 ಡಿಗ್ರಿ ಇರಲಿ. ತಣ್ಣಗಿದ್ದರೆ, ಇಲ್ಲವೇ ಬಿಸಿಯಾಗಿದ್ದರೆ ಅಡಗಿದ ವೈರಸ್ ಹೊರಗೆ ತೋರದು. ಕೋಯ್ ಸಾಕುವ ಅನುಭವಿಗಳು ತಮ್ಮ ಹಳೆಯ ಮೀನೊಂದನ್ನು ಅದೇ ಟಬ್ಬಿಗೆ ಬಿಡುತ್ತಾರೆ. ಹೊಸ ಮೀನು ವೈರಸ್ ಹೊತ್ತು ತಂದಿದ್ದರೆ ಹಳೆಯದು ಕಾಯಿಲೆ ಬಿದ್ದು ಸುಳಿವು ಕೊಡುತ್ತದೆ. ಕ್ರೂರವೆನಿಸುತ್ತದೆ, ಆದರೆ ಇಡೀ ಕೊಳ ಉಳಿಯುತ್ತದೆ. ಟಬ್ಬಿಗೆ ಬೇರೆ ಬಲೆ, ಬೇರೆ ಬಕೆಟ್. ಅಂಗಡಿಯ ಚೀಲದ ನೀರನ್ನು ತೊಟ್ಟಿಗೆ ಸುರಿಯಬೇಡಿ. ಇಂಗ್ಲೆಂಡಿನ ಪ್ರದರ್ಶನಗಳಲ್ಲಿ ಒಬ್ಬೊಬ್ಬ ಮಾಲೀಕರ ಮೀನಿಗೂ ಬೇರೆ ಬೇರೆ ತೊಟ್ಟಿ ಇಡುವ ಪದ್ಧತಿಯ ಹಿಂದೆ ಇರುವುದೂ ಇದೇ ಯೋಚನೆ. ಜಪಾನೀ ಪದ್ಧತಿಯಲ್ಲಿ ಒಂದೇ ಅಳತೆಯ, ಒಂದೇ ಬಗೆಯ ಮೀನುಗಳನ್ನು ಯಾರದೇ ಇರಲಿ, ಒಂದೇ ತೊಟ್ಟಿಗೆ ಬಿಟ್ಟು ತೀರ್ಪು ಕೊಡುತ್ತಾರೆ. ಹೋಲಿಸಿ ನೋಡಲು ಸುಲಭ, ವೈರಸ್ಸಿಗೂ ಅಷ್ಟೇ ಸುಲಭ.

ಇನ್ನೊಂದು ಮಾತನ್ನು ತಂದೆತಾಯಂದಿರಿಗೆ ಹೇಳಬೇಕು. ಮನೆ ಬದಲಾಯಿಸುವಾಗ, ಮಕ್ಕಳ ಉತ್ಸಾಹ ಇಳಿದಾಗ, ಮೀನುಗಳನ್ನು 'ಪಾಪ, ಬದುಕಿಕೊಳ್ಳಲಿ' ಎಂದು ಹತ್ತಿರದ ಕೆರೆಗೆ ಬಿಡುವ ಅಭ್ಯಾಸ ನಮ್ಮ ನಗರಗಳಲ್ಲಿದೆ. ಕೆರೆಯ ಗುತ್ತಿಗೆ ಹಿಡಿದು ಗೆಂಡೆಮರಿ ಬಿಟ್ಟು ಬದುಕುವ ಮೀನುಗಾರನ ವರ್ಷದ ದುಡಿಮೆ ಆ ಕೆರೆಯಲ್ಲಿರುತ್ತದೆ. ತೊಟ್ಟಿಯ ಮೀನನ್ನು ಕೆರೆಗೆ ಬಿಡಬೇಡಿ, ಸತ್ತ ಮೀನನ್ನೂ ಎಸೆಯಬೇಡಿ. ಸುಣ್ಣ ಹಾಕಿ ಆಳವಾಗಿ ಹೂಳಿ.

ಅನುಮಾನ ಬಂದರೆ ಖಚಿತಪಡಿಸಿಕೊಳ್ಳುವುದು ಹೇಗೆ? ಕೊರೊನಾ ಕಾಲದಲ್ಲಿ ನಿಮಗೆಲ್ಲ ಪರಿಚಯವಾದ ಪಿ.ಸಿ.ಆರ್. ಪರೀಕ್ಷೆಯಿಂದಲೇ. ಕೊರೊನಾ ವೈರಸ್ಸಿನದು ಆರ್.ಎನ್.ಎ. ಆದ್ದರಿಂದ ಅದನ್ನು ಮೊದಲು ಡಿ.ಎನ್.ಎ.ಗೆ ಬದಲಾಯಿಸಬೇಕಿತ್ತು, ಹೆಸರಿನ ಹಿಂದೆ 'ಆರ್.ಟಿ.' ಬಂದದ್ದು ಅದಕ್ಕೇ. ಕೆ.ಎಚ್.ವಿ. ನೇರವಾಗಿ ಡಿ.ಎನ್.ಎ. ವೈರಸ್, ಆ ಹಂತ ಬೇಕಿಲ್ಲ. ದೇಶದಲ್ಲಿ ಜಲಚರಗಳ ರೋಗಗಳ ಮೇಲೆ ಕಣ್ಣಿಡುವ ರಾಷ್ಟ್ರೀಯ ಕಾರ್ಯಕ್ರಮ 2013ರಲ್ಲಿ ಆರಂಭವಾಯಿತು. ಲಖನೌದ ರಾಷ್ಟ್ರೀಯ ಮೀನು ಆನುವಂಶಿಕ ಸಂಪನ್ಮೂಲ ಸಂಸ್ಥೆ ಅದನ್ನು ನಡೆಸುತ್ತದೆ. ನಮ್ಮ ರಾಜ್ಯದವರು ತಮ್ಮ ಜಿಲ್ಲೆಯ ಮೀನುಗಾರಿಕೆ ಇಲಾಖೆಯ ಕಚೇರಿಯನ್ನೋ, 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕೆ ಕಾಲೇಜನ್ನೋ ಮೊದಲು ವಿಚಾರಿಸಬಹುದು. ಹೋಗುವಾಗ ನಿನ್ನೆ ಸತ್ತು ಉಬ್ಬಿದ ಮೀನನ್ನು ಒಯ್ಯಬೇಡಿ. ಕೊಳೆತ ಕಿವಿರಿನಿಂದ ಏನನ್ನೂ ಓದಲಾಗದು. ಕಾಯಿಲೆಯ ಲಕ್ಷಣವಿರುವ, ಇನ್ನೂ ಉಸಿರಾಡುತ್ತಿರುವ ಮೀನೊಂದನ್ನು ಅದೇ ತೊಟ್ಟಿಯ ನೀರಿನ ಚೀಲದಲ್ಲಿ, ಆಮ್ಲಜನಕ ತುಂಬಿಸಿ ಒಯ್ಯಿರಿ. ಆಗಲೇ ಸತ್ತಿದ್ದರೆ ಫ್ರೀಜರಿಗೆ ಹಾಕದೆ ಮಂಜುಗಡ್ಡೆಯ ಮೇಲಿಟ್ಟು ಅದೇ ದಿನ ತಲುಪಿಸಿ. ತೊಟ್ಟಿಯ ನೀರಿನ ಉಷ್ಣತೆ ಎಷ್ಟಿತ್ತು, ಕೊನೆಯ ಬಾರಿ ಹೊಸ ಮೀನು ತಂದದ್ದು ಯಾವಾಗ, ಎಲ್ಲಿಂದ ಎಂಬ ಮೂರು ವಿವರ ಚೀಟಿಯಲ್ಲಿ ಬರೆದು ಜೊತೆಗಿಡಿ.